ಆಕಾಶದಲ್ಲಿ ಗುರ್ತು ಸಿಗದ ಲೈಟ್ ಕಂಡ್ರೆ ಮೊದ್ಲು ಏನು ಬರ್ಕೋಬೇಕು

ಲೈಟ್ ಕಂಡ ತಕ್ಷಣ ಎಲ್ರೂ ಫೋನ್ ತೆಗೆದು ಪೂರ್ತಿ ಝೂಮ್ ಮಾಡ್ತಾರೆ, ಎಡವಟ್ಟಾಗೋದೇ ಅಲ್ಲಿ. ಫೋಕಸ್ ತಪ್ಪಿ ಸಣ್ಣ ಚುಕ್ಕೆ ನಡುಗೋ ಉಂಡೆ ಥರ ಆಗತ್ತೆ, ಸುತ್ತ ಏನಿತ್ತು ಅನ್ನೋದೂ ಗೊತ್ತಾಗಲ್ಲ. ಅಮೆರಿಕದ ನೌಕಾಪಡೆ ವಿಡಿಯೋದಲ್ಲಿ ತ್ರಿಕೋನದ ವಸ್ತುಗಳು ಮಿಣುಕ್ತಿದ್ವು ಅಂತ ಭಾರೀ ಸುದ್ದಿ ಆಯ್ತಲ್ಲ, ಆ ತ್ರಿಕೋನ ಬಂದಿದ್ದು ನೈಟ್ ವಿಷನ್ (ಕತ್ತಲಲ್ಲಿ ನೋಡೋ ಉಪಕರಣ) ಮತ್ತು ಕ್ಯಾಮೆರಾದಿಂದ ಅಂತ 2022ರಲ್ಲಿ ಅಲ್ಲಿನ ಅಧಿಕಾರಿಗಳೇ ಹೇಳಿದ್ರು.

ಹಾಗಾಗಿ ಝೂಮ್ ಬಿಡಿ, ಫ್ರೇಮಲ್ಲಿ ಕಂಬನೋ ಗೋಡೆನೋ ಬರೋ ಹಾಗೆ ಹಿಡೀರಿ. ಆಮೇಲೆ ಟೈಮ್ (ನಿಮಿಷದ ಸಮೇತ), ಯಾವ ದಿಕ್ಕು, ಎಷ್ಟು ಎತ್ತರ, ಎಷ್ಟು ಹೊತ್ತು ಕಾಣ್ತು, ಇಷ್ಟನ್ನ ಆಗ್ಲೇ ಬರ್ಕೊಳಿ. ಎತ್ತರ ಅಂದ್ರೆ ಅಡಿ ಲೆಕ್ಕ ಅಲ್ಲ, ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದ್ರೆ ಅದು ಸುಮಾರು 10 ಡಿಗ್ರಿ, ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಅಂತ ಎಣಿಸಿದ್ರೆ ಸಾಕು. "ಸಾವಿರ ಅಡಿ ಮೇಲೆ ಭಯಂಕರ ಸ್ಪೀಡಲ್ಲಿ ಹೋಯ್ತು" ಅಂತೆಲ್ಲ ಬರೀಬೇಡಿ, ಕತ್ತಲಲ್ಲಿ ಬರೀ ಚುಕ್ಕೆ ನೋಡಿ ದೂರ ಹೇಳೋಕೆ ಯಾರ ಕಣ್ಣಿಗೂ ಆಗಲ್ಲ, ದೂರ ಗೊತ್ತಿಲ್ದೆ ಸೈಜೂ ಇಲ್ಲ ಸ್ಪೀಡೂ ಇಲ್ಲ.

ಅದು ನಿಜವಾಗ್ಲೂ ಅಲ್ಲಾಡ್ತಿದ್ಯಾ ಅಂತನೂ ಚೆಕ್ ಮಾಡಿ. ಒಂಟಿ ಚುಕ್ಕೆನ ದಿಟ್ಟಿಸಿ ನೋಡ್ತಾ ಇದ್ರೆ ನಿಂತಿದ್ದೂ ತೇಲಾಡಿದ ಹಾಗೆ ಕಾಣತ್ತೆ, ಗೋಡೆ ಮೂಲೆಗೆ ಸರಿಯಾಗಿ ಹೊಂದಿಸಿ ಐದು ನಿಮಿಷ ನೋಡಿ.

ಇಂಥ ಲೈಟುಗಳ ತನಿಖೆ ಮಾಡೋರೂ ಮಾಡೋದು ಇದನ್ನೇ ಮುಂದುವರಿಸೋ ಕೆಲ್ಸ. ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಒಳಗೆ 1977ರಿಂದ ಇದಕ್ಕೇ ಒಂದು ವಿಭಾಗ ಇದೆ, ಈಗ ಅದರ ಹೆಸ್ರು ಗೀಪಾನ್. ಅವ್ರು ಕೇಸುಗಳನ್ನ ಎ, ಬಿ, ಸಿ, ಡಿ ಅಂತ ವಿಂಗಡಿಸ್ತಾರೆ: ಪಕ್ಕಾ ಗೊತ್ತಾಗಿದ್ದು ಎ, ಬಹುಶಃ ಇದೇ ಅನ್ನೋದು ಬಿ, ವಿಚಾರಿಸಿದ್ರೂ ಬಗೆಹರೀದೇ ಇರೋದು ಡಿ. ಸಿ ಅಂದ್ರೆ ಮಾಹಿತಿನೇ ಸಾಲ್ದು ಅಂತ, ಅಲ್ಲಿ ನಿಗೂಢ ಏನಿಲ್ಲ, ಕಂಡೋರು ಸರಿಯಾಗಿ ಬರ್ಕೊಂಡಿಲ್ಲ ಅಷ್ಟೆ. ಇಂಥ ವರದಿಗಳನ್ನೇ ತನಿಖೆ ಮಾಡ್ತಿದ್ದ ಅಮೆರಿಕದ ವಾಯುಪಡೆಯ ಬ್ಲೂ ಬುಕ್ ಪ್ರಾಜೆಕ್ಟ್ 1969ರಲ್ಲಿ ಮುಚ್ಚೋ ಹೊತ್ತಿಗೆ 12,618 ವರದಿ ಬಂದಿದ್ವು, ಗುರ್ತು ಸಿಗದೇ ಉಳಿದಿದ್ದು 701.

ನೀವೂ ಹೀಗೇ ಒಂದೊಂದಾಗಿ ಸೋಸಬಹುದು. ಸ್ಟೆಲೇರಿಯಂ ಅನ್ನೋ ಆಕಾಶದ ನಕ್ಷೆ ತೋರಿಸೋ ಆ್ಯಪಲ್ಲಿ ಆ ಟೈಮ್ ಹಾಕಿ ಆ ದಿಕ್ಕಲ್ಲಿ ಶುಕ್ರ, ಗುರು ಇತ್ತಾ ನೋಡಿ. ನಗಬೇಡಿ, ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ತಿಂಗಳುಗಟ್ಟಲೆ ಬೇಹುಗಾರಿಕೆ ಡ್ರೋನ್ ಅಂತ ಲೆಕ್ಕ ಇಟ್ಟಿದ್ದು ಇವೇ ಎರಡು ಗ್ರಹಗಳನ್ನ, 2013ರಲ್ಲಿ ಸುದ್ದಿಯಾಯ್ತು, ಗುರ್ತು ಹಿಡಿದಿದ್ದು ಭಾರತೀಯ ಖಭೌತ ಸಂಸ್ಥೆಯವ್ರು. ಗ್ರಹ ಅಲ್ಲ ಅಂದ್ರೆ ಫ್ಲೈಟ್‌ರಾಡಾರ್24 ಸೈಟಲ್ಲಿ ವಿಮಾನ, ಹೆವೆನ್ಸ್ ಅಬೋವ್ ಸೈಟಲ್ಲಿ ಸ್ಯಾಟಲೈಟ್ ಇತ್ತಾ ನೋಡಿ. ಒಂದರ ಹಿಂದೆ ಒಂದು ಸಾಲಾಗಿ ಹೋದ್ರೆ ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಇಂಟರ್ನೆಟ್ ಸ್ಯಾಟಲೈಟ್‌ಗಳು, ನಡುವೆನೇ ಮಾಯ ಆದ್ರೆ ಭೂಮಿ ನೆರಳೊಳಗೆ ಹೋಗಿರತ್ತೆ. ರಾಕೆಟ್ ಸುದ್ದಿನೂ ನೋಡಿ, 2009ರ ಡಿಸೆಂಬರ್ 9ರಂದು ನಾರ್ವೆ ಮೇಲೆ ಕಂಡ ದೊಡ್ಡ ಸುರುಳಿ ರಷ್ಯಾದ ಬುಲಾವಾ ಕ್ಷಿಪಣಿ ಕೆಟ್ಟಿದ್ರಿಂದ ಆಗಿದ್ದು.

ಇಷ್ಟಾದ್ಮೇಲೂ ಉಳಿದ್ರೆ ಬೇರೆ ಊರಲ್ಲಿ ಅದೇ ಹೊತ್ತಿಗೆ ಕಂಡೋರನ್ನ ಹುಡುಕಿ, ಆದ್ರೆ ಮಾತಾಡೋ ಮುಂಚೆ ಇಬ್ರೂ ಬೇರೆಬೇರೆ ಬರೆದಿಡಿ, ಇಲ್ದಿದ್ರೆ ಒಬ್ಬರ ಕಥೆ ಇನ್ನೊಬ್ಬರಿಗೆ ಅಂಟ್ಕೊಳತ್ತೆ. ಇಬ್ಬರ ದಿಕ್ಕನ್ನೂ ಮ್ಯಾಪ್ ಮೇಲೆ ಗೆರೆ ಎಳೆದ್ರೆ ಅವು ಕೂಡೋ ಜಾಗ ಸಿಗತ್ತೆ, ಅಲ್ಲಿಂದ ಮೊದಲ ಸಲ ದೂರ ಎಷ್ಟು ಅಂತ ಲೆಕ್ಕ ಹಾಕಬಹುದು.