ಪ್ಲೇಯರ್‌ನಲ್ಲಿ ಹಾಡು ಹಿಂದುಮುಂದಾಗೋದು ಯಾಕೆ, ಸರಿ ಮಾಡೋದು ಹೇಗೆ

ಕಂಪ್ಯೂಟರ್‌ನಲ್ಲಿ ನೀಟಾಗಿ ಜೋಡಿಸಿಟ್ಟಿದ್ದ ಹಾಡುಗಳು ಎಂಪಿ3 ಪ್ಲೇಯರ್‌ಗೆ ಹೋದ ಕೂಡ್ಲೇ ಏಳನೇದು ಮೊದಲು, ಮೂರನೇದು ಕೊನೆಗೆ ಅಂತ ಬರೋಕೆ ಶುರುವಾಗತ್ತಲ್ಲ, ಅದು ಪ್ಲೇಯರ್ ಕೆಟ್ಟಿರೋದಲ್ಲ, ಅದಕ್ಕಿರೋ ಬುದ್ಧೀನೇ ಅಷ್ಟು.

ಒಳಗಿರೋದು ಇಷ್ಟೇ: ಹಾಡು ಇಡೋಕೆ ಫ್ಲ್ಯಾಶ್ ಮೆಮೊರಿ, ಫೈಲ್ ಬಿಡಿಸೋಕೆ ಒಂದು ಚಿಪ್, ಆ ಅಂಕಿಗಳನ್ನ ಇಯರ್‌ಫೋನಿಗೆ ಅರ್ಥವಾಗೋ ಸಿಗ್ನಲ್ ಮಾಡೋ ಡ್ಯಾಕ್, ಒಂದು ಬ್ಯಾಟರಿ. 1998ರಲ್ಲಿ ಬಂದ ರಿಯೋ ಪಿಎಂಪಿ300 ಅನ್ನೋ ಪ್ಲೇಯರ್‌ನಲ್ಲಿ ಇದ್ದಿದ್ದು ಬರೀ 32 ಎಂಬಿ, 128 ಕೆಬಿಪಿಎಸ್ ಬಿಟ್‌ರೇಟಿನ (ಅಂದ್ರೆ ಸೆಕೆಂಡಿಗೆ 128 ಕಿಲೋಬಿಟ್ ಮಾಹಿತಿಯ) ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ತಿನ್ನತ್ತೆ, ಅಂದ್ರೆ ಅರ್ಧ ಗಂಟೆಗೆ ಮುಗೀತು. ಸಿಡಿಯಲ್ಲಾದ್ರೆ ಅದೇ ನಿಮಿಷಕ್ಕೆ 10 ಎಂಬಿ ಬೇಕು. ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಹೇಗೂ ಕೇಳಿಸದ ಸಣ್ಣಪುಟ್ಟ ಸದ್ದುಗಳನ್ನ ಎಂಪಿ3 ಕೈಬಿಡೋದ್ರಿಂದಲೇ ಇಷ್ಟು ಉಳಿತಾಯ.

ಈಗ ಸಾಲಿನ ವಿಷ್ಯ. ತುಂಬಾ ಪ್ಲೇಯರ್‌ಗಳು ಫೈಲ್‌ಗಳನ್ನ ಫ್ಯಾಟ್32 ಪದ್ಧತೀಲಿ ಇಡತ್ವೆ, ಅದರ ಫೋಲ್ಡರ್ ಅಂದ್ರೆ ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದಹಾಗೆ, ಯಾರು ಮೊದಲು ಬಂದ್ರೋ ಅವರ ಹೆಸರು ಮೊದಲು. ಕಂಪ್ಯೂಟರ್ ಅದನ್ನ ತಾನೇ ಜೋಡಿಸಿ ತೋರಿಸತ್ತೆ, ಸಣ್ಣ ಪ್ಲೇಯರ್ ಆ ತಲೆನೋವಿಗೇ ಹೋಗಲ್ಲ, ಬರೆದಿರೋ ಹಾಗೇ ಓದ್ಕೊಂಡು ಹೋಗತ್ತೆ. ಮಧ್ಯದ ಒಂದು ಹಾಡು ಡಿಲೀಟ್ ಮಾಡಿ ಹೊಸದು ಹಾಕಿದ್ರೆ ಅದು ಆ ಖಾಲಿ ಸಾಲಲ್ಲೇ ಹೋಗಿ ಕೂತ್ಕೊಂಡ್ರೂ ಕೂತ್ಕೊಳ್ತು.

ಹಾಗಾಗಿ ಮೊದಲು ಎಲ್ಲಾ ಹಾಡನ್ನ ಕಂಪ್ಯೂಟರ್‌ಗೆ ಕಾಪಿ ಮಾಡ್ಕೊಂಡು, ಪ್ಲೇಯರ್‌ನ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಆಮೇಲೆ ಫೈಲ್ ಹೆಸರಿನ ಮುಂದೆ 01, 02 ಅಂತ ಸೇರಿಸಿ, ಆ ಸೊನ್ನೆ ಬಿಡ್ಬೇಡಿ, ಬಿಟ್ರೆ ಹೆಸರು ನೋಡಿ ಜೋಡಿಸೋ ಪ್ಲೇಯರ್‌ನಲ್ಲಿ 10 ಬಂದು 2ರ ಮುಂದೆ ನಿಲ್ಲತ್ತೆ. ಆಮೇಲೆ ಒಂದಾದಮೇಲೊಂದು ಕ್ರಮವಾಗಿ ಕಾಪಿ ಮಾಡಿ. ಬೋರು, ನಿಜ. ನೂರಾರು ಹಾಡಿದ್ರೆ ಒಟ್ಟಿಗೇ ಹಾಕಿ, ಫ್ಯಾಟ್ ಪಟ್ಟಿಯನ್ನೇ ಮತ್ತೆ ಜೋಡಿಸೋ ಪುಟ್ಟ ಸಾಫ್ಟ್‌ವೇರ್‌ಗಳಿವೆ, ಅದನ್ನ ಓಡಿಸಿ. ಕೊನೆಗೆ ಇಜೆಕ್ಟ್ ಕೊಟ್ಟೇ ಕೇಬಲ್ ಕೀಳಿ, ಕಾಪಿ ಮುಗೀತು ಅಂತ ತೋರಿಸಿದ್ಮೇಲೂ ಬರೆಯೋದು ಬಾಕಿ ಇರಬಹುದು.

ಇಷ್ಟಾದ್ರೂ ಸರಿಹೋಗ್ಲಿಲ್ವಾ? ಹಾಗಾದ್ರೆ ನಿಮ್ದು ಫೈಲ್ ಹೆಸರನ್ನ ಲೆಕ್ಕಕ್ಕೇ ತಗೊಳ್ದೆ, ಫೈಲಿನ ಒಳಗೇ ಬರೆದಿರೋ ಹಾಡಿನ ವಿವರ, ಅಂದ್ರೆ ಐಡಿ3 ಟ್ಯಾಗ್ ಓದೋ ಪ್ಲೇಯರ್. ಟ್ಯಾಗ್ ಎಡಿಟರ್‌ನಲ್ಲಿ ಟ್ರ್ಯಾಕ್ ನಂಬರ್ ತುಂಬಿ. ಕನ್ನಡದ ಹೆಸರು ಬರೀ ಡಬ್ಬಿ ಡಬ್ಬಿಯಾಗಿ ಕಾಣ್ತಿದ್ರೆ ಅದರಲ್ಲಿ ಕನ್ನಡ ಫಾಂಟ್ ಇಲ್ಲ ಅಂತ, ಇಂಗ್ಲಿಷ್ ಅಕ್ಷರದಲ್ಲೇ ಬರೀಬೇಕು, ಬೇರೆ ದಾರಿ ಇಲ್ಲ. ನಾಲ್ಕು ನಿಮಿಷದ ಹಾಡು ಹನ್ನೊಂದು ನಿಮಿಷ ಅಂತ ತೋರಿಸಿದ್ರೆ ಗಾಬರಿ ಬೇಡ, ಬಿಟ್‌ರೇಟ್ ಬದಲಾಗ್ತಾ ಹೋಗೋ ವಿಬಿಆರ್ ಫೈಲಿನ ಶುರುವಿನ ಚೂರು ನೋಡಿ ಅದು ಅಂದಾಜು ಹೊಡೆದಿರತ್ತೆ.

ಇನ್ನೊಂದು ತಮಾಷೆ ಇದೆ: ವಾದ್ಯ ಎಲ್ಲಾ ಕೇಳ್ಸತ್ತೆ, ಹಾಡೋರ ದನಿ ಮಾತ್ರ ಮಾಯ! ಫೈಲ್ ಡಿಲೀಟ್ ಮಾಡೋಕೆ ಮುಂಚೆ ಇಯರ್‌ಫೋನ್ ಪಿನ್ ನೋಡಿ, ಅದು ಪೂರ್ತಿ ಒಳಗೆ ಹೋಗಿರಲ್ಲ. ಗ್ರೌಂಡ್, ಅಂದ್ರೆ ಎಡ ಬಲ ಎರಡಕ್ಕೂ ಸೇರಿದ ವಾಪಸ್ ದಾರಿ, ತಾಗದಿದ್ರೆ ಎಡ ಬಲದ ವ್ಯತ್ಯಾಸ ಅಷ್ಟೇ ಕೇಳ್ಸೋದು, ದನಿ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಥರ ಇರೋದ್ರಿಂದ ಕಳೆದು ಸೊನ್ನೆ ಆಗಿಬಿಡತ್ತೆ. ಟಕ್ ಅನ್ನೋವರೆಗೂ ಒತ್ತಿ.