‘ಕಮೆಂಡ್’ ನನಗೆ ಕೊಟ್ಟ ಕಾಟ

ಅನುವಾದದ ಕೆಲಸಕ್ಕೆ ಇಳಿದ ಹೊಸತು. ಒಂದು ಪ್ರಸ್ತಾವವನ್ನು ಪರಿಶೀಲಿಸಿ ಬರೆದ ವರದಿ ನನ್ನ ಕೈಗೆ ಬಂದಿತ್ತು. ಅದರಲ್ಲೊಂದು ಸಾಲು: ‘ದಿ ಪ್ರಪೋಸಲ್ ಹ್ಯಾಸ್ ಲಿಟಲ್ ಟು ಕಮೆಂಡ್ ಇಟ್’. ನಿಘಂಟು ತೆಗೆದೆ. ಕಮೆಂಡ್ ಎಂದರೆ ಹೊಗಳು, ಶ್ಲಾಘಿಸು ಎಂದಿತ್ತು. ಲಿಟಲ್ ಎಂದರೆ ಸ್ವಲ್ಪ, ಅದು ಯಾರಿಗೆ ಗೊತ್ತಿಲ್ಲ? ‘ಈ ಪ್ರಸ್ತಾವವನ್ನು ಸ್ವಲ್ಪ ಮಟ್ಟಿಗೆ ಹೊಗಳಬಹುದು’ ಎಂದು ಬರೆದು ಕಳಿಸಿಬಿಟ್ಟೆ.

ವರದಿ ಬರೆದವರು ಹೇಳಿದ್ದು ನೇರ ಉಲ್ಟಾ. ‘ಇದರಲ್ಲಿ ಒಪ್ಪಿಕೊಳ್ಳುವಂಥ ಗುಣ ಏನೂ ಕಾಣುತ್ತಿಲ್ಲ’ ಎಂಬುದು ಅವರ ಮಾತು. ಕನ್ನಡದಲ್ಲಿ ಓದಿದವರು ಪ್ರಸ್ತಾವ ಪಾಸಾಯಿತು ಅಂದುಕೊಂಡರು. ಆಮೇಲೆ ನನಗೆ ಬಂದ ಫೋನ್ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ತಪ್ಪು ಎರಡು ಕಡೆ ಆಗಿತ್ತು. ‘ಲಿಟಲ್’ ಮುಂದೆ ‘ಎ’ ಇದ್ದರೆ ಸ್ವಲ್ಪ ಇದೆ ಎಂದು. ‘ಎ’ ಇಲ್ಲದಿದ್ದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದು. ಅದು ಶಾಲೆಯ ಪಾಠ, ಮರೆತಿದ್ದೆ. ಎರಡನೆಯದು ಇನ್ನೂ ದೊಡ್ಡದು. ಆ ಸಾಲಿನಲ್ಲಿ ಹೊಗಳುವವರು ಯಾರು? ಯಾರೂ ಇಲ್ಲ. ಅಲ್ಲಿ ಕರ್ತೃ ಪ್ರಸ್ತಾವವೇ. ಅಂದರೆ ಕಮೆಂಡ್‌ಗೆ ಹೊಗಳಿಕೆ ಬಿಟ್ಟು ಬೇರೆ ಏನೋ ಕೆಲಸವಿದೆ. ಅವತ್ತೇ ಒಂದು ನೋಟ್‌ಬುಕ್ ತೆಗೆದುಕೊಂಡೆ. ಈ ಪದ ಎಲ್ಲಿ ಕಂಡರೂ ಅರ್ಥ ಬರೆಯುವುದಿಲ್ಲ, ಇಡೀ ವಾಕ್ಯ ಬರೆದುಕೊಳ್ಳುತ್ತೇನೆ ಎಂದು ತೀರ್ಮಾನಿಸಿದೆ. ಅದರಲ್ಲೂ ಪದದ ನಂತರ ಏನು ಬರುತ್ತದೆ ಎಂಬುದರ ಕೆಳಗೆ ಗೆರೆ.

ಮೊದಲು ಜಾಸ್ತಿ ಸಿಕ್ಕಿದ್ದು ‘ಫಾರ್’. ಕಮೆಂಡೆಡ್ ಹರ್ ಫಾರ್ ಹರ್ ಕರೇಜ್, ಅವಳ ಧೈರ್ಯವನ್ನು ಮೆಚ್ಚಿಕೊಂಡರು. ಇದು ಸುಲಭ. ‘ಫಾರ್’ ನಂತರ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಬಾಲ ಇರಬೇಕು, ಅಷ್ಟೆ. ಆದರೆ ಈ ಸಾಲುಗಳಲ್ಲಿ ಇನ್ನೊಂದು ವಿಷಯ ಕಾಣಿಸಿತು. ಕಮೆಂಡ್ ಮಾಡುವವರು ಬಹುಮಟ್ಟಿಗೆ ನ್ಯಾಯಾಧೀಶರು, ಅಧಿಕಾರಿಗಳು, ಸಮಿತಿಗಳು, ತೀರ್ಪುಗಾರರು. ಮೇಲಿನಿಂದ ಕೆಳಕ್ಕೆ ಬರುವ ಮೆಚ್ಚುಗೆ ಅದು. ಅಳೆದು ನೋಡುವ ಅಧಿಕಾರ ಇದ್ದವರ ಬಾಯಿಂದ ಬರಬೇಕು.

ಇದು ಗೊತ್ತಾಗುವ ಮೊದಲೇ ನಾನೊಂದು ಎಡವಟ್ಟು ಮಾಡಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯ ಸಂಪಾದಕರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದು, ‘ಐ ಕಮೆಂಡ್ ಯು ಫಾರ್ ಯುವರ್ ಗೈಡೆನ್ಸ್’ ಎಂದಿದ್ದೆ. ಅವರಿಂದ ಒಂದೇ ಸಾಲಿನ ಉತ್ತರ ಬಂತು: ‘ತಮ್ಮಿಂದ ಶಹಬ್ಬಾಸ್‌ಗಿರಿ ಸಿಕ್ಕಿದ್ದು ನನ್ನ ಭಾಗ್ಯ, ಸರ್.’ ನಾನು ಅವರ ಬೆನ್ನು ತಟ್ಟಿದಂತಾಗಿತ್ತು! ಹಿರಿಯರಿಗಾದರೆ ‘ಅಡ್ಮೈರ್’ ಅನ್ನಬಹುದು, ‘ಗ್ರೇಟ್‌ಫುಲ್’ ಅನ್ನಬಹುದು. ಕಮೆಂಡ್ ಬೇಡ.

ನೋಟ್‌ಬುಕ್ಕಿನ ಎರಡನೇ ಗುಂಪು ‘ಟು’. ನನ್ನ ಕಣ್ಣು ತೆರೆಸಿದ್ದು ಇದೇ. ಬ್ರಿಟನ್ನಿನ ಹಣಕಾಸು ಮಂತ್ರಿಗಳು ಬಜೆಟ್ ಭಾಷಣ ಮುಗಿಸುವಾಗ ‘ಐ ಕಮೆಂಡ್ ದಿಸ್ ಬಜೆಟ್ ಟು ದಿ ಹೌಸ್’ ಎನ್ನುವ ವಾಡಿಕೆ ಇದೆ. ಕಮೆಂಡ್ ಎಂದರೆ ಹೊಗಳು ಎಂದು ಹಿಡಿದುಕೊಂಡರೆ, ಮಂತ್ರಿ ತನ್ನ ಬಜೆಟ್ಟನ್ನು ತಾನೇ ಹೊಗಳಿಕೊಂಡು ಕೂತಂತಾಗುತ್ತದೆ. (ಹೊಗಳಿಕೊಳ್ಳುತ್ತಾರೆ ಅನ್ನೋದು ಬೇರೆ ಮಾತು, ಆದರೆ ಆ ವಾಕ್ಯದಲ್ಲಿ ಅಲ್ಲ.) ಅವರು ಹೇಳುವುದು ‘ಈ ಬಜೆಟ್ಟನ್ನು ಸದನದ ಒಪ್ಪಿಗೆಗೆ ಬಿಟ್ಟಿದ್ದೇನೆ’ ಎಂದು. ಒಪ್ಪಿರಿ ಎಂಬ ಒತ್ತಾಸೆಯೂ ಅದರೊಳಗೇ ಇದೆ.

ಇದರ ಬೇರು ಹುಡುಕಿದೆ. ಲ್ಯಾಟಿನ್ನಿನ ‘ಕಮೆಂಡಾರೆ’ಯಿಂದ ಬಂದ ಪದ. ಅದರೊಳಗಿರುವ ‘ಮಂದಾರೆ’ಯನ್ನು ಬಿಡಿಸಿ, ‘ಮಾನುಸ್’ ಎಂದರೆ ಕೈ, ‘ದಾರೆ’ ಎಂದರೆ ಕೊಡು ಎನ್ನುತ್ತಾರೆ. ಕೈಗೆ ಕೊಡು. ನಮ್ಮ ‘ಒಪ್ಪಿಸು’ ಇದ್ದ ಹಾಗೇ ಇದೆ ಅಲ್ವಾ? 1611ರ ಇಂಗ್ಲಿಷ್ ಬೈಬಲ್‌ನಲ್ಲಿ, ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ, ಶಿಲುಬೆಯ ಮೇಲಿನ ಯೇಸು ತಂದೆಯ ಕೈಗೆ ತನ್ನ ಆತ್ಮವನ್ನು ‘ಕಮೆಂಡ್’ ಮಾಡುತ್ತಾನೆ. ಅಲ್ಲಿ ಹೊಗಳಿಕೆಯ ಸುಳಿವೇ ಇಲ್ಲ. ಷೇಕ್ಸ್‌ಪಿಯರ್ ನಾಟಕಗಳಲ್ಲಿ ‘ಕಮೆಂಡ್ ಮಿ ಟು’ ಇಂಥವರಿಗೆ ಎಂದು ಬಂದರೆ ‘ಅವರಿಗೆ ನನ್ನ ನಮಸ್ಕಾರ ಹೇಳಿ’ ಎಂದರ್ಥ.

ಒಪ್ಪಿಸುವುದು ಹೊಗಳುವುದಾದದ್ದು ಹೇಗೆ? ನನಗೆ ಹೊಳೆದದ್ದು ಹೀಗೆ. ಒಬ್ಬರನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ನಾವು ಸುಮ್ನೆ ಒಪ್ಪಿಸುವುದಿಲ್ಲ. ‘ಒಳ್ಳೆಯ ಹುಡುಗ, ನಂಬಬಹುದು’ ಎಂದು ಎರಡು ಮಾತು ಸೇರಿಸುತ್ತೇವೆ. ಆ ಎರಡು ಮಾತೇ ಕ್ರಮೇಣ ಪದದ ಮುಖ್ಯ ಅರ್ಥವಾಯಿತು. ಶಿಫಾರಸು ಮಾಡುವ ‘ರೆಕಮೆಂಡ್’ ಇದೇ ಮನೆಯದು. ಆಜ್ಞೆ ಮಾಡುವ ‘ಕಮಾಂಡ್’ ಕೂಡ ಇದೇ ಬೇರಿನದು. ಇಷ್ಟು ತಿಳಿದ ಮೇಲೆ ನನ್ನ ಹಳೇ ಸಾಲು ತಾನಾಗಿ ಬಿಡಿಸಿಕೊಂಡಿತು. ಪ್ರಸ್ತಾವಕ್ಕೆ ತನ್ನ ಪರವಾಗಿ ಎರಡು ಒಳ್ಳೆಯ ಮಾತು ಹೇಳಿಸಿಕೊಳ್ಳುವ ಯೋಗ್ಯತೆ ಇಲ್ಲ, ಅಷ್ಟೇ.

ಹೊಗಳು ಎನ್ನುವ ಅರ್ಥದ ಪಕ್ಕದ ಪದಗಳನ್ನೂ ಹೀಗೆ ಕೆದಕಿದೆ. ‘ಪ್ರೇಸ್’ ಬೆಲೆಯ ‘ಪ್ರೈಸ್’ ಜೊತೆ ಹುಟ್ಟಿದ್ದು; ಯಾರು ಯಾರನ್ನು ಬೇಕಾದರೂ ಪ್ರೇಸ್ ಮಾಡಬಹುದು, ದೇವರನ್ನೂ. ‘ಎಕ್ಸ್‌ಟಾಲ್’ ಎಂದರೆ ಮೇಲಕ್ಕೆತ್ತು, ಅದಕ್ಕೆ ನಮ್ಮಲ್ಲಿ ‘ಅಟ್ಟಕ್ಕೇರಿಸು’ ಇದ್ದೇ ಇದೆ, ಆದರೆ ನಮ್ಮದರಲ್ಲಿ ಕುಹಕ ಸ್ವಲ್ಪ ಜಾಸ್ತಿ. ‘ಲಾಡ್’ ಪತ್ರಿಕೆಯ ತಲೆಬರಹದವರ ಪ್ರೀತಿಯ ಪದ, ಯಾಕೆಂದರೆ ಜಾಗ ಕಡಿಮೆ ತಿನ್ನುತ್ತದೆ.

ಇನ್ನೊಂದು ಹೊಂಡ ಸ್ಪರ್ಧೆಗಳದ್ದು. ಫಲಿತಾಂಶದ ಪಟ್ಟಿಯಲ್ಲಿ ‘ಹೈಲಿ ಕಮೆಂಡೆಡ್’ ಎಂದಿರುತ್ತದೆ. ನಾನು ಒಮ್ಮೆ ‘ಅತ್ಯಂತ ಪ್ರಶಂಸೆಗೆ ಪಾತ್ರವಾದ ಕೃತಿ’ ಎಂದು ಹಾಕಿದ್ದೆ. ಮೊದಲ ಬಹುಮಾನಕ್ಕಿಂತ ದೊಡ್ಡದು ಎಂಬಂತೆ ಕೇಳಿಸಿತು. ಅಸಲಿಗೆ ಅದು ಬಹುಮಾನ ತಪ್ಪಿಹೋದವರಿಗೆ ಕೊಡುವ ಗೌರವ. ಈಗ ‘ತೀರ್ಪುಗಾರರ ಮೆಚ್ಚುಗೆ ಪಡೆದದ್ದು’ ಎಂದು ಬರೆದು, ಬಹುಮಾನಗಳ ಕೆಳಗೇ ಇಡುತ್ತೇನೆ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ‘ಕಮೆಂಡಬಲ್ ಎಫರ್ಟ್’. ಮೇಲ್ನೋಟಕ್ಕೆ ಶ್ಲಾಘನೀಯ ಪ್ರಯತ್ನ. ಆದರೆ ಇಂಗ್ಲಿಷ್ ವಿಮರ್ಶಕರು ಎಷ್ಟೋ ಸಲ ಕೃತಿ ಸೋತಿದೆ ಎನ್ನುವ ಮುಂಚೆ ಇದನ್ನು ಬಳಸುತ್ತಾರೆ. ‘ಶ್ಲಾಘನೀಯ’ ಎಂದರೆ ಆ ಮೆಲ್ಲನೆಯ ಚುಚ್ಚು ಹೋಗಿಬಿಡುತ್ತದೆ. ಬಹಳ ದಿನ ಒದ್ದಾಡಿ ಕೊನೆಗೆ ಒಂದು ವಿಮರ್ಶೆಯಲ್ಲಿ ‘ಪ್ರಯತ್ನವೇನೋ ಮೆಚ್ಚುವಂಥದ್ದೇ’ ಎಂದು ಬರೆದೆ. ಕರಡು ತಿದ್ದುವವರು ‘ಏನೋ’ ಮೇಲೆ ಕೆಂಪು ಗೆರೆ ಎಳೆದು, ಅನಗತ್ಯ ಎಂದು ಪಕ್ಕದಲ್ಲಿ ಬರೆದು ವಾಪಸ್ ಕಳಿಸಿದರು. ನಾನು ಉಳಿದ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಂಡು ಆ ‘ಏನೋ’ ಒಂದನ್ನು ಮಾತ್ರ ಮತ್ತೆ ಸೇರಿಸಿ ಕಳಿಸಿದೆ.