ಹೈ-5 ಹಾಕಿದರೆ ಮಗುವಿನ ಜೊತೆ ನೀವೂ ಎದ್ದು ಕುಣಿಯಿರಿ

ನಾನು ಮೆಲ್ಬರ್ನ್‌ನಲ್ಲಿ ಪುಟ್ಟ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಟಿವಿಯಲ್ಲಿ ಏನು ತೋರಿಸಲಿ ಅಂತ ಕೇಳುವ ಅಮ್ಮಂದಿರಿಗೆ ನನ್ನ ಉತ್ತರ ಹೈ-5. 1999ರಲ್ಲಿ ಆಸ್ಟ್ರೇಲಿಯಾದ ನೈನ್ ನೆಟ್‌ವರ್ಕ್‌ನಲ್ಲಿ ಶುರುವಾದ ಕಾರ್ಯಕ್ರಮ ಅದು. ಐವರು ಕಲಾವಿದರು ಹಾಡುತ್ತಾ ಕುಣಿಯುತ್ತಾ ನಡೆಸುತ್ತಾರೆ.

ಮಗುವನ್ನು ಸೋಫಾದಲ್ಲಿ ಕೂರಿಸಬೇಡಿ. ಟಿವಿ ಮುಂದೆ ಕುಣಿಯುವಷ್ಟು ಜಾಗ ಬಿಡಿ. ವಾರದ ಐದೂ ಕಂತುಗಳಿಗೆ ಹಾಡು ಒಂದೇ. ಮೊದಲ ದಿನ ಸುಮ್ನೆ ನೋಡುತ್ತಾ ನಿಂತ ಮಗುವಿಗೂ ಬರಬರುತ್ತಾ ಹಾಡು ಪರಿಚಯವಾಗುತ್ತದೆ. ನಾಚಿಕೆಯ ಮಗುವಿಗೆ ಅದೇ ಧೈರ್ಯ. "ಮಾಡು, ಮಾಡು" ಅಂತ ಒತ್ತಾಯಿಸಬೇಡಿ. ನೀವೇ ಮೊದಲು ಕುಣಿಯಿರಿ.

ನನಗೆ ಜಾಸ್ತಿ ಇಷ್ಟ, ಹಳೆಯ ಕಂತುಗಳಲ್ಲಿ ಆ ಐವರಲ್ಲೊಬ್ಬರಾದ ಟಿಮ್ ನಡೆಸುವ ಸಂಗೀತದ ಭಾಗ. ಅದು ಮುಗಿದ ಕೂಡಲೇ ಟಿವಿ ನಿಲ್ಲಿಸಿ. ಸ್ಟೀಲ್ ಡಬ್ಬಿ, ಮರದ ಸೌಟು, ಅಕ್ಕಿ ಹಾಕಿ ಬಿಗಿಯಾಗಿ ಮುಚ್ಚಿದ ಬಾಟಲಿ ಕೊಡಿ. ತಾಳ ತಪ್ಪಿದರೆ ತಿದ್ದಬೇಡಿ, ಮಗುವಿನ ತಾಳಕ್ಕೆ ನೀವು ಚಪ್ಪಾಳೆ ಹಾಕಿ. ಆಮೇಲೆ ಹಾಡಿನ ಒಂದು ಸಾಲಿಗೆ ಕನ್ನಡದ ಮಾತು ಸೇರಿಸಲು ಹೇಳಿ: ಅಜ್ಜಿ, ದೋಸೆ, ಟ್ರಾಮ್, ಏನಾದರೂ ಸರಿ. ಅರ್ಥ ಇಲ್ಲದಿದ್ದರೇನು, ಕಟ್ಟಿದ್ದು ಮಗುವೇ ಅಲ್ವಾ?

ಫೋನ್ ಎತ್ತಿ ವಿಡಿಯೊ ಮಾಡಬೇಡಿ. ಊರಿನಿಂದ ಅಜ್ಜಿ ಕರೆ ಮಾಡಿದಾಗ ಹಾಡಬೇಕೋ ಬೇಡವೋ, ಅದನ್ನು ಮಗುವೇ ಹೇಳಲಿ.